ಎಸ್ತೇರಬಾಯಿಯ ಭರಣಿ

ಸುಶೀಲಾ, ನಿನ್ನ ಅವ್ವ ನಿನ್ನ ಮದುವೆಗೆಂದು ಮಾಡಿಟ್ಟ ವೈನ್ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ಹೇಳಿದವನು ನಾನು, ಗೊತ್ತಿದ್ದೂ ಹೇಳಿದೆ. ನಿನ್ನ ಅಪ್ಪ ಅದನ್ನು ಚೆಲ್ಲಿದ್ದು ನನ್ನ ಮಾತು ನಂಬಿ. ಭರಣಿಯ ಬಾಯಿ ಸಡಿಲಾಗಿತ್ತು, ತಮ್ಮದೇ ಅಲಕ್ಷ್ಯ ಎಂದು ಅವರು ನಿನ್ನ ಮುಂದೆ ತಲೆ ತಗ್ಗಿಸಿದರಲ್ಲ — ಅದರಲ್ಲಿ ಅವರ ತಪ್ಪು ಎಳ್ಳಷ್ಟೂ ಇರಲಿಲ್ಲ.

ಇಷ್ಟು ನಾಲ್ಕು ಸಾಲು ಬರೆಯಲು ನನಗೆ ಹನ್ನೊಂದು ವರ್ಷ ಬೇಕಾಯಿತು.

ನೀನು ನನ್ನನ್ನು ವೀರಣ್ಣ ಕಾಕಾ ಎಂದಷ್ಟೇ ಬಲ್ಲೆ, ನಿನ್ನ ಅಪ್ಪನ ಹಳೆಯ ವಿದ್ಯಾರ್ಥಿ. ಬಸವಕಲ್ಯಾಣದಲ್ಲಿ ನನ್ನದು ಬೆಲ್ಲದ ದಲಾಲಿ. ಒಂದು ಚೂರು ನಾಲಿಗೆಯ ಮೇಲಿಟ್ಟರೆ ಸಾಕು, ದುಬಲಗುಂಡಿ ಕಡೆಯ ಬೆಲ್ಲವೋ ಹುಲಸೂರಿನದೋ, ಸುಣ್ಣ ಹೆಚ್ಚು ಬಿದ್ದಿದೆಯೋ, ತಳ ಹಿಡಿದ ಪಾಕವೋ, ಎಲ್ಲ ಹೇಳುತ್ತಿದ್ದೆ. ವ್ಯಾಪಾರಿಗಳು ಜಗಳವಾಡಿಕೊಂಡು ನನ್ನ ಅಂಗಡಿಗೆ ಬರುತ್ತಿದ್ದರು. ನಾನು ಹೇಳಿದ ಮೇಲೆ ಇಬ್ಬರೂ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದರು. ಆ ನಾಲಿಗೆಯ ಮೇಲೆ ನನಗೆ ಸೊಕ್ಕಿತ್ತು. ಸಾಲದ್ದಕ್ಕೆ ಶ್ರಾವಣದ ಪ್ರವಚನಗಳಲ್ಲಿ ವೇದಿಕೆ ಹತ್ತಿ, ಕುಡಿತ ಬಿಡಿರೆಂದು ಗಂಟೆಗಟ್ಟಲೆ ಉಪದೇಶ ಮಾಡುವ ಚಟವೂ ಅಂಟಿಕೊಂಡಿತ್ತು. ಮಂದಿ ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆಯ ರುಚಿಯೂ ಏನು ಕಡಿಮೆಯದಲ್ಲ.

ತೊಂಬತ್ತೆಂಟರಲ್ಲಿ, ನಿನ್ನ ಮದುವೆಗೆ ಹತ್ತು ದಿನ ಇರುವಾಗ, ನಿನ್ನ ಅಪ್ಪ ಪ್ರಭುದಾಸ ಮಾಸ್ತರರು ನನಗೆ ಹುಮನಾಬಾದಿಗೆ ಬಂದು ಹೋಗೆಂದು ಹೇಳಿಕಳಿಸಿದರು. ನೀನು ಅಂದು ಸೋದರತ್ತೆಯ ಜೊತೆ ಸೀರೆ ತರಲು ಬೀದರಿಗೆ ಹೋಗಿದ್ದೆ. ಮಧ್ಯಾಹ್ನದ ಹೊತ್ತು. ಹಿತ್ತಿಲಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ಅವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದ ಸ್ಟೂಲಿನ ಮೇಲೆ ಒಂದು ಭರಣಿ. ಬಾಯಿಗೆ ಬಟ್ಟೆ, ಬಟ್ಟೆಯ ಮೇಲೆ ಮೇಣ.

ಆ ಬಳ್ಳಿ ನಿನ್ನ ಅಜ್ಜ ಹಚ್ಚಿದ್ದು. ಬುಡ ನನ್ನ ತೊಡೆಯಷ್ಟು ದಪ್ಪ. ವಯಸ್ಸಾದ ಬಳ್ಳಿ ಗೊನೆ ಕಡಿಮೆ ಬಿಡುತ್ತದೆ, ಹಣ್ಣು ಸಣ್ಣದು, ಆದರೆ ರಸ ಗಟ್ಟಿ ಎಂದು ಮಾಸ್ತರರು ಗಣಿತದ ಪಾಠದ ನಡುವೆಯೂ ಹೇಳುತ್ತಿದ್ದರು. ವರ್ಷಾ ವರ್ಷಾ ಕ್ರಿಸ್‌ಮಸ್‌ಗೆಂದು ನಿನ್ನ ಅವ್ವ ಎಸ್ತೇರಬಾಯಿ ಅದರ ಹಣ್ಣು ಕಿವುಚಿ ವೈನ್ ಹಾಕುತ್ತಿದ್ದರಂತೆ. ಕಾಯಿಲೆ ಬಿದ್ದ ವರ್ಷ ಮಾತ್ರ ಒಂದು ಭರಣಿ ಬೇರೆ ತೆಗೆದಿಟ್ಟು, ಇದನ್ನು ನನ್ನ ಮಗಳ ಮದುವೆಯ ದಿನ ತೆಗೆಯಬೇಕು ಎಂದಿದ್ದರು. ನಿನಗಾಗ ಹತ್ತು ವರ್ಷ. ಅವರು ಹೋದಮೇಲೆ ಹದಿನಾಲ್ಕು ವರ್ಷ ಮಾಸ್ತರರು ಆ ಭರಣಿಯನ್ನು ತಂಪು ಮೂಲೆಯಲ್ಲಿ ಉಸುಕಿನಲ್ಲಿ ಹುಗಿದಿಟ್ಟು ಕಾಯ್ದಿದ್ದರು.

"ಜ್ವರಾ ಬಂದು ಹೋದಮ್ಯಾಲೆ ನನ್ನ ಬಾಯಿ ಸತ್ತು ಹೋಗ್ಯಾದ ವೀರಣ್ಣ," ಎಂದರು. "ಉಪ್ಪು ಗೊತ್ತಾಗಲ್ಲ, ಖಾರ ಗೊತ್ತಾಗಲ್ಲ. ಮೂಗೂ ಹಂಗೇ. ಇದು ಚೊಲೋ ಅದನೋ ಕೆಟ್ಟದನೋ ನೀ ನೋಡಿ ಹೇಳು. ಬ್ಯಾರೆಯವ್ರಿಗಿ ಕೊಟ್ರ, ಪುಕ್ಕಟೆ ಸಿಕ್ತಂತ ಎಲ್ಲಾ ಚೊಲೋ ಅದ ಅಂತಾರ."

"ಮಾಸ್ತರ್ರ, ನಾ ಲಿಂಗ ಕಟ್ಟಿದವ್ರಿ..."

"ಗೊತ್ತದಪಾ. ಅದಕ್ಕೇ ನಿನಗ ಕೇಳಾಕತ್ತೇನಿ. ನೀ ಸುಳ್ಳ ಹೇಳಾಂವ ಅಲ್ಲ."

ಮೇಣ ಒಡೆದು, ಸಣ್ಣ ಬಟ್ಟಲಿಗೆ ಒಂದಿಷ್ಟು ಸುರಿದು ಕೊಟ್ಟರು. ಕಪ್ಪು ಕೆಂಪು ಬಣ್ಣ, ಅಂಚಿನಲ್ಲಿ ಮಾತ್ರ ಇಟ್ಟಿಗೆಯ ಕಂದು. ನಾಲಿಗೆಗೆ ಮುಟ್ಟಿಸಿ ಉಗುಳಬೇಕೆಂದುಕೊಂಡಿದ್ದೆ — ನುಂಗಿಬಿಟ್ಟೆ. ಮೊದಲು ಹುಣಸೆಯ ಹಾಗೆ ಒಂದು ಚುರುಕು ಹುಳಿ ಬಂತು. ಆಮೇಲೆ ನೇರಳೆ ತಿಂದಾಗ ನಾಲಿಗೆ ಹಿಡಿದುಕೊಳ್ಳುವ ಒಗರು. ಅದು ಕರಗಿದ ಮೇಲೆ, ಕೊಪ್ಪರಿಗೆ ಇಳಿಸುವ ಗಳಿಗೆಯಲ್ಲಿ ಬೆಲ್ಲದ ಪಾಕದಿಂದ ಏಳುತ್ತದಲ್ಲ, ಆ ವಾಸನೆ. ಸಿಹಿ ಎಲ್ಲೂ ಎದ್ದು ಕಾಣಲಿಲ್ಲ, ಆದರೆ ಎಲ್ಲದರ ಅಡಿಯಲ್ಲೂ ಇತ್ತು. ನುಂಗಿದ ಎಷ್ಟೋ ಹೊತ್ತಿನ ತನಕ ಬಾಯಿ ತುಂಬ ಹಾಗೇ ನಿಂತಿತ್ತು. ನನ್ನ ಜನ್ಮದಲ್ಲಿ ಅಂಥದ್ದನ್ನು ನಾನು ಬಾಯಿಗೆ ಇಟ್ಟಿರಲಿಲ್ಲ. ಹದಿನಾಲ್ಕು ವರ್ಷ ಕತ್ತಲಲ್ಲಿದ್ದು ಅದು ಕೆಟ್ಟಿರಲಿಲ್ಲ, ಹಣ್ಣಾಗಿತ್ತು. ನನಗೆ ಕಣ್ಣಲ್ಲಿ ನೀರು ಬಂತು ಸುಶೀಲಾ. ಹೇಳಲು ನಾಚಿಕೆಯಿಲ್ಲ.

ಆ ಗಳಿಗೆಯಲ್ಲೇ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನ್ನ ಮುಖವನ್ನೇ ನೋಡುತ್ತಿದ್ದ ಮಾಸ್ತರರು ಹುಡುಗರ ಹಾಗೆ ಹಿಗ್ಗಿ, "ಹ್ಯಾಂಗದ? ಮದುವಿಗಿ ಬಂದವ್ರಿಗೆಲ್ಲಾ ಹೇಳ್ತೀನಿ ನೋಡು, ಕಲ್ಯಾಣದ ವೀರಣ್ಣ ರುಚಿ ನೋಡಿ ಪಾಸ್ ಮಾಡ್ಯಾನ ಅಂತ!" ಎಂದರು.

ಆ ಮದುವೆಗೆ ಕಲ್ಯಾಣದಿಂದ ಬರುವವರಲ್ಲಿ ಅರ್ಧ ಮಂದಿ ನನ್ನ ಪ್ರವಚನ ಕೇಳಿದವರು. ಕುಡಿತ ಬಿಡಿಸುವ ವೀರಣ್ಣ ಕದ್ದು ಕುಡಿದು ಬಂದನಂತೆ — ಆ ನಗೆ ಆಗಲೇ ಕಿವಿಗೆ ಬಿತ್ತು. ಬಟ್ಟಲು ಎತ್ತಿ ಎರಡನೆಯ ಗುಟುಕು ಬಾಯಿಗೆ ಹಾಕಿಕೊಂಡೆ. ಮುಖ ಕಿವುಚಿದೆ. ಅವರಿಗೆ ಕಾಣುವ ಹಾಗೆ ಉಗುಳಿದೆ.

"ಕೆಟ್ಟದ್ರಿ ಮಾಸ್ತರ್ರ. ಪೂರಾ ಹುಳಿ ಹೊಡೆದು ಸಿರ್ಕಾ ಆಗ್ಯಾದ."

ನನ್ನ ಹೆಸರೊಂದು ಹೇಳಬೇಡಿ ಎಂದಿದ್ದರೆ ಸಾಕಿತ್ತು. ಅವರು ಹೇಳುತ್ತಿರಲಿಲ್ಲ. ಅಷ್ಟು ಸುಲಭದ ದಾರಿಯಿತ್ತು — ಅದು ಹೊಳೆದದ್ದು ಮರಳಿ ಬರುವ ಬಸ್ಸಿನಲ್ಲಿ ಕೂತ ಮೇಲೆ.

ಮಾಸ್ತರರು ಒಡೆದ ಮೇಣದ ಚೂರುಗಳನ್ನು ಒಂದೊಂದಾಗಿ ಆಯ್ದುಕೊಂಡರು. "ಆಕಿ ಸರಿ ಮಾಡಿದ್ಲು. ನಾನೇ ಬರೋಬರ್ ಕಾಯಲಿಲ್ಲ," ಎಂದರು. ಆಮೇಲೆ, "ಆಕಿ ಕೈಯಿಂದು ಹುಳಿ ಆಗ್ಯಾದ ಅಂತ ಮಂದಿ ಬಾಯಾಗ ಬರಬಾರ್ದು," ಎಂದು ಎದ್ದರು. ಭರಣಿಯನ್ನು ತಬ್ಬಿ ಎತ್ತಿ ಬಳ್ಳಿಯ ಬುಡಕ್ಕೆ ಬಗ್ಗಿಸಿದರು. ನಾನೇನು ಮಾಡಿದೆ ಗೊತ್ತೇ? ಭಾರವೆಂದು ಇನ್ನೊಂದು ಕಡೆ ಹಿಡಿದುಕೊಂಡೆ. ಪೂರ್ತಿ ಬರಿದಾಗುವ ತನಕ ಹಿಡಿದುಕೊಂಡೇ ಇದ್ದೆ.

ಮದುವೆಯ ದಿನ ನೀನು ಅವರಿಗೆ ಅಂದ ಮಾತು ಮಂಟಪದ ಹಿಂದೆ ನಿಂತ ನನಗೂ ಕೇಳಿಸಿತು. "ಅವ್ವಂದು ಒಂದೇ ಭರಣಿ ಇತ್ತು ಅಪ್ಪಾ. ಅದೊಂದು ಕಾಯಾಕಾಗಲಿಲ್ಲೇನು ನಿಮಗ?" ಭರಣಿಯ ಬಾಯಿ ಸಡಿಲಾಗಿತ್ತು, ತಮ್ಮದೇ ಅಲಕ್ಷ್ಯ ಎಂದು ಅವರು ತಲೆ ತಗ್ಗಿಸಿದರು. ಅಂದು ಹಿಗ್ಗಿನಲ್ಲಿ ಎಲ್ಲರಿಗೂ ಹೇಳುತ್ತೇನೆಂದಿದ್ದವರು ನನ್ನ ಹೆಸರನ್ನು ಎತ್ತಲೇ ಇಲ್ಲ. ಲಿಂಗ ಕಟ್ಟಿದವನಿಗೆ ವೈನ್ ಕೊಟ್ಟೆನೆಂದು ತಿಳಿದರೆ ನನ್ನ ಮಾನ ಹೋದೀತೆಂದು — ಹೌದು, ನನ್ನ ಮಾನ ಕಾಯಲೆಂದೇ — ಎಲ್ಲವನ್ನೂ ತಮ್ಮ ಮೇಲೆ ಹಾಕಿಕೊಂಡರು. ಆಮೇಲೆ ನೀನು ತವರಿಗೆ ಬರುವುದು ಕಡಿಮೆ ಮಾಡಿದೆ. ಬಂದರೂ ಅಪ್ಪನ ಜೊತೆ ಮಾತು ಎಷ್ಟು ಬೇಕೋ ಅಷ್ಟೇ. ನಾನು ಆಗಾಗ ಹೋದಾಗ ಅವರು ನಿನ್ನ ಸುದ್ದಿಯನ್ನು ಬೇರೆಯವರ ಬಾಯಿಂದ ಕೇಳಿ ನನಗೆ ಹೇಳುತ್ತಿದ್ದರು. ನಾನು ಕೇಳಿಸಿಕೊಂಡು, ಚಹಾ ಕುಡಿದು, ಬಸ್ಸು ಹಿಡಿಯುತ್ತಿದ್ದೆ.

ಮೂರು ವರ್ಷದ ಹಿಂದೆ ಅವರು ತೀರಿಕೊಂಡಾಗ, ಮಣ್ಣು ಮುಗಿಸಿ ಬಂದು ನೀನು ನನ್ನ ಪಕ್ಕ ಕೂತೆ. "ಕಾಕಾ, ಅಪ್ಪಗ ಅವ್ವನ ಮ್ಯಾಲ ಜೀವ ಇತ್ತೇನ್ರಿ ಖರೆ?" ಎಂದು ಕೇಳಿದೆ. ದೇವರು ಎರಡನೆಯ ಸಲ ನನ್ನ ಮುಂದೆ ಆ ಬಟ್ಟಲು ಹಿಡಿದಂತಿತ್ತು. "ಇತ್ತವ್ವಾ, ಭಾಳ ಇತ್ತು," ಎಂದೆ, ಅಷ್ಟೇ. ನೀನು ನಂಬಲಿಲ್ಲ. ಹೇಗೆ ನಂಬುತ್ತೀ — ನಂಬಲು ಬೇಕಾದುದನ್ನು ನಾನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದೆ.

ನಿನ್ನೆ ಇದನ್ನೆಲ್ಲ ಮೊದಲ ಸಲ ಹೆಂಡತಿಗೆ ಹೇಳಿದೆ. ಕುಡಿದದ್ದಕ್ಕೆ ಬೈಯುತ್ತಾಳೆಂದು ಕಾದೆ. ಅವಳು, "ಕುಡಿದಿದ್ದು ಹೋಗ್ಲಿ ಬಿಡ್ರಿ. ಆ ಹಿರಿಯಾರ ಮಾರಿ ನೋಡಿ ಹ್ಯಾಂಗ ಸುಳ್ಳು ಹೇಳಿದ್ರಿ?" ಎಂದಳು. ಈ ಕಾಗದ ಬರೆಯಲು ಕೂತದ್ದು ಆ ಮಾತು ಕೇಳಿದ ಮೇಲೆ.

ಕ್ಷಮಿಸು ಎಂದು ಬರೆಯಲು ಕೈ ಹೋಗುತ್ತಿದೆ, ತಡೆದುಕೊಳ್ಳುತ್ತೇನೆ. ನಾನು ಕ್ಷಮೆ ಕೇಳಬೇಕಾದವರಲ್ಲಿ ಒಬ್ಬರು ಆಗಲೇ ಮಣ್ಣಿನಲ್ಲಿದ್ದಾರೆ. ನೀನು ಹನಿಯೂ ಮುಟ್ಟದ ನಿನ್ನ ಅವ್ವನ ಕೈಯ ರುಚಿಯನ್ನು ಹನ್ನೊಂದು ವರ್ಷ ನಾನೊಬ್ಬನೇ ಬಾಯಲ್ಲಿಟ್ಟುಕೊಂಡಿದ್ದೇನೆ. ಅದನ್ನು ಮರಳಿ ಕೊಡುವ ದಾರಿಯಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಅಂಚೆಗೆ ಹಾಕಿ ಮನೆಯಲ್ಲಿ ಕೂರುವುದೂ ಅಡಗಿಕೊಂಡಂತೆಯೇ. ರವಿವಾರ ಮುಂಜಾನೆಯ ಬಸ್ಸಿಗೆ ಬರುತ್ತೇನೆ. ಅಪ್ಪ ಹೋದಮೇಲೆ ಈಗ ನೀನಿರುವ ಹುಮನಾಬಾದಿನ ಆ ಮನೆಯಲ್ಲೇ, ನಿನ್ನ ಮುಂದೆ ನಿಂತು ಓದುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ಗಟ್ಟಿಯಾಗಿ ಓದುತ್ತೇನೆ. ಓಣಿಯವರೆಲ್ಲ ಕೇಳಲಿ. ಪ್ರಭುದಾಸ ಮಾಸ್ತರರು ಹೆಂಡತಿಯ ಭರಣಿಯನ್ನು ಹದಿನಾಲ್ಕು ವರ್ಷ ಒಂದು ಹನಿಯೂ ಕೆಡದಂತೆ ಕಾಯ್ದಿದ್ದರು ಎಂದು ಅವರಿಗೂ ಗೊತ್ತಾಗಲಿ.