ಆನೆಯಿಲ್ಲದ ದ್ವೀಪದಲ್ಲಿ ಕೇಳಿದ ಕೂಗು

ಮಾರ್ಚ್ ಹನ್ನೊಂದು, ಸಂಜೆ ಐದೂವರೆ. ಕೆಲವು ವರ್ಷಗಳ ಹಿಂದಿನ ನನ್ನ ದಿನಚರಿಯಲ್ಲಿ ಹಾಗೆ ಬರೆದಿದೆ. ಅದಕ್ಕೂ ಮುಂಚೆ ಯಾರಾದರೂ ಇಂಥ ಕಥೆ ಹೇಳಿದರೆ ಎಷ್ಟು ಹೊತ್ತಿಗೆ, ಎಲ್ಲಿ, ಜೊತೆಗೆ ಯಾರಿದ್ದರು ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಆ ಪ್ರಶ್ನೆಗಳಿಗೆಲ್ಲ ನನ್ನ ಬಳಿ ಉತ್ತರವಿದೆ. ಆದರೂ ಏನೂ ತಿಳಿಯಾಗಿಲ್ಲ.

ನಾನು ಹೆಗ್ಗಡದೇವನಕೋಟೆ ಕಡೆಯವನು, ಜನರೇಟರ್ ಮೆಕ್ಯಾನಿಕ್. ಗುತ್ತಿಗೆ ಕಂಪನಿಯೊಂದು ನನ್ನನ್ನೂ ನಮ್ಮೂರಿನ ಮಾದೇಶನನ್ನೂ ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪಕ್ಕೆ ಕಳಿಸಿತ್ತು. ಕರಾರಿಗೆ ಸಹಿ ಹಾಕಿರುವುದರಿಂದ ಅದರ ಹೆಸರು ಹೇಳಲಾರೆ. ಮಾದೇಶ ಅಡುಗೆಯವನು. ನಾವು ಸೈನಿಕರಲ್ಲ. ಅಲ್ಲಿ ಯುದ್ಧದ ಹಡಗುಗಳಿಗೆ ಎಣ್ಣೆ ತುಂಬುತ್ತಿದ್ದರು. ಯುದ್ಧ ಹತ್ತಿರ ಬಂದಾಗ ನಮ್ಮ ಫೋನುಗಳನ್ನು ತೆಗೆದಿಟ್ಟುಕೊಂಡರು.

ಆಗ ನಾವಿಬ್ಬರೂ ಊರಿನ ಕೂಗು ಶುರು ಮಾಡಿದೆವು. ನಮ್ಮಲ್ಲಿ ಕಾಡಂಚಿನ ಹೊಲ ಕಾಯುವವರು ಅಟ್ಟಣೆಯಿಂದ ಅಟ್ಟಣೆಗೆ ಕೂಗುತ್ತಾರೆ. ಒಂದೇ ಉದ್ದನೆಯ ಕೂಗಾದರೆ ಎಲ್ಲ ಸರಿಯಿದೆ ಎಂದು. ಎರಡು ಮೊಟಕು ಕೂಗಾದರೆ ದಾರಿಯಲ್ಲಿ ಆನೆಯಿದೆ, ಇಳಿಯಬೇಡ ಎಂದು. ದಿನಾ ಸಂಜೆ ಮಾದೇಶ ಅಡುಗೆಮನೆಯಿಂದ ಉದ್ದಕ್ಕೆ ಕೂಗಿ ಊಟದ ಕ್ಯಾರಿಯರ್ ಹಿಡಿದು ಹೊರಡುತ್ತಿದ್ದ. ನಾನೂ ನನ್ನ ಜೊತೆಗಾರ, ನೇಪಾಳದ ಪ್ರೇಮನೂ ಜನರೇಟರ್ ಶೆಡ್ಡಿನಿಂದ ಹೊರಟು ಎಣ್ಣೆ ಟ್ಯಾಂಕುಗಳ ಪಕ್ಕ ಅವನನ್ನು ಕೂಡಿಕೊಳ್ಳುತ್ತಿದ್ದೆವು.

ಅಂದು ಕೇಳಿದ್ದು ಎರಡು ಮೊಟಕು ಕೂಗು. ಮಾದೇಶನ ದನಿಯೇ. ನಾನು ಬಾಗಿಲಲ್ಲೇ ನಿಂತೆ.

"ಏನಂತೆ?" ಎಂದು ಪ್ರೇಮ ಹಿಂದಿಯಲ್ಲಿ ಕೇಳಿದ.

"ದಾರಿಯಲ್ಲಿ ಆನೆಯಂತೆ. ತಾಳು, ಹೋಗಬೇಡ."

"ಸಮುದ್ರ ಈಜಿಕೊಂಡು ಬಂತಾ? ನೀನಿರು, ನಿನ್ನ ಪಾಲನ್ನೂ ನಾನೇ ತಿಂದು ಬರ್ತೀನಿ" ಎಂದು ನಗುತ್ತ ಹೋದ. ನನಗೂ ನಗು ಬಂತು. ಆದರೆ ಕಾಲು ಏಳಲಿಲ್ಲ.

ಅವನು ಟ್ಯಾಂಕುಗಳನ್ನು ತಲುಪುವಷ್ಟರಲ್ಲಿ ಆಕಾಶದಿಂದ ಏನೋ ಬಂದು ಬಿತ್ತು. ಸೈರನ್ ಕೂಗಿದ್ದು ಆಮೇಲೆ. ಪ್ರೇಮ ಉಳಿಯಲಿಲ್ಲ.

ಬಂಕರಿನಲ್ಲಿ ಮಾದೇಶನನ್ನು ಕಂಡು ಅವನ ತೋಳು ಹಿಡಿದುಕೊಂಡೆ. "ನೀನು ಕೂಗ್ದೆ, ನಾನು ಉಳ್ಕಂಡೆ ಕಣ್ಲಾ. ಅದೇನ್ ಕಾಣುಸ್ತು ನಿಂಗೆ?"

ಅವನು ನನ್ನ ಮುಖವನ್ನೇ ನೋಡಿದ. "ನಾನೆಲ್ಲಿ ಕೂಗ್ದೆ? ಎರಡು ಕೂಗು ಆಕಿದ್ದು ನೀನಲ್ವಾ? ಅದ್ಕೇ ಕ್ಯಾರಿಯರ್ ಕೆಳಗಿಟ್ಟು ಬಾಗ್ಲಲ್ಲೇ ನಿಂತ್ಕಂಡೆ."

"ತಮಾಸೆ ಬುಡು ಮಾದೇಶ."

"ನಮ್ಮವ್ವನ ಆಣೆಗೂ ನಿನ್ ದನೀನೇ ಕಣ್ಲಾ."

ಆ ದ್ವೀಪದಲ್ಲಿ ಕನ್ನಡದವರೆಂದರೆ ನಾವಿಬ್ಬರೇ. ಮರುಧ್ವನಿ ಎನ್ನೋಣವೆಂದರೆ ಮೊದಲು ಯಾರಾದರೂ ಕೂಗಿರಬೇಕು. ಭ್ರಮೆ ಎನ್ನೋಣವೆಂದರೆ ಪ್ರೇಮನಿಗೂ ಅದು ಕೇಳಿಸಿತ್ತು. ಕೂಗಿದ್ದು ಯಾರೇ ಆಗಲಿ, ಜೀವ ಉಳಿಸಲೆಂದೇ ಕೂಗಿದ್ದರೆ ಅವನಿಗೂ ಅರ್ಥವಾಗುವ ಹಾಗೆ ಯಾಕೆ ಕೂಗಲಿಲ್ಲ? ಹಾಸಿಗೆಗೆ ಬಿದ್ದರೆ ನನ್ನನ್ನು ಕಾಡುವುದು ಇದೊಂದೇ.

ಪ್ರೇಮನ ತಾಯಿ ಆಗಾಗ ಫೋನ್ ಮಾಡುತ್ತಾರೆ. ಹೋಗುವಾಗ ನಗುತ್ತಿದ್ದ ಎಂದಷ್ಟೇ ಹೇಳಿದ್ದೇನೆ. ದಿನಾ ಜೊತೆಗೆ ಹೋಗುತ್ತಿದ್ದ ನೀನು ಅಂದು ಯಾಕೆ ಹೋಗಲಿಲ್ಲ ಎಂದು ಅವರು ಇನ್ನೂ ಕೇಳಿಲ್ಲ.

ಆ ಸಂಜೆ ಅಲ್ಲಿದ್ದು ಆ ಕೂಗನ್ನು ಕೇಳಿದವರು, ಅಥವಾ ಕೂಗಿದವರು, ಇದನ್ನು ಓದಿದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಆ ತಾಯಿ ಕೇಳುವ ದಿನ ನಾನು ಏನಾದರೂ ಹೇಳಬೇಕು.