ಹೆಮ್ಮರವನ್ನು ಅಪ್ಪ ತಟ್ಟಿ ನೋಡಿದ್ದು

ನಮ್ಮಪ್ಪ ಹಳೆಯ ಮೇಜು, ಕುರ್ಚಿ, ಬೀರುಗಳನ್ನು ಕೊಂಡು ಮಾರುವವರು. ತಂದವರು ಎಷ್ಟೇ ಬಣ್ಣದ ಮಾತಾಡಲಿ, ಇವರು ತುಟಿ ಬಿಚ್ಚುವುದಿಲ್ಲ. ನಡುಬೆರಳಿನ ಗೆಣ್ಣಿನಿಂದ ಹಲಗೆಯನ್ನು ತಟ್ಟಿ ಕಿವಿಗೊಡುತ್ತಾರೆ. ಗಟ್ಟಿ ಮರವೋ, ಮೇಲೆ ಅಂಟಿಸಿದ ತೆಳು ಹಾಳೆಯೋ, ತಿಳಿದುಬಿಡುತ್ತದೆ. ಈ ಚಾಳಿ ಅಂಗಡಿಯಲ್ಲೇ ಉಳಿದಿದ್ದರೆ ನಾವು ಸುಖವಾಗಿರುತ್ತಿದ್ದೆವು. ಕಲ್ಲಂಗಡಿ ತಟ್ಟುತ್ತಾರೆ, ಬಾಡಿಗೆ ಮನೆಯ ಗೋಡೆ ತಟ್ಟುತ್ತಾರೆ. ಅಮ್ಮನ ತವರಿಗೆ ಮೊದಲ ಸಲ ಹೋದಾಗ ಬಾಗಿಲು ಗಟ್ಟಿಯಿದೆಯೆಂದು ಖಾತ್ರಿ ಮಾಡಿಕೊಂಡೇ ಒಳಗೆ ಕಾಲಿಟ್ಟರಂತೆ. ತನ್ನ ತಲೆ ತಟ್ಟಲಿಲ್ಲವಲ್ಲ, ಅದೇ ಪುಣ್ಯ ಎನ್ನುತ್ತಾಳೆ ಅಮ್ಮ.

ನಾನು ಮೆಚ್ಚಿದ ಹುಡುಗ ಗೈಡ್. ಹೆಸರಾಂತ ಪುರಾತನ ಹೆಮ್ಮರವೊಂದರ ಕೆಳಗೆ ನಿಂತು, ಬಂದವರಿಗೆ ಅದರ ಕಥೆ ಹೇಳುವುದು ಅವನ ಕೆಲಸ. ಕೇಳಿದ ಕೂಡಲೇ ಅಪ್ಪನ ಹುಬ್ಬು ಮೇಲೇರಿತು. ದಿನವಿಡೀ ಮಾತಾಡಿಯೇ ಬದುಕುವವನನ್ನು ಹೇಗೆ ನಂಬುವುದು? ಮರ ನೋಡುವ ನೆಪದಲ್ಲಿ ಹೋಗಿ ಅವನನ್ನು ನೋಡುತ್ತೇನೆ, ಹೂಂ ಊಹೂಂ ಎಲ್ಲ ಆಮೇಲೆ ಎಂದರು. ಅವರ ಹೂಂ ಇಲ್ಲದೆ ಮದುವೆಯಾಗುವಷ್ಟು ಗಟ್ಟಿಗಿತ್ತಿ ನಾನಲ್ಲ. ಅವನನ್ನು ಬಿಟ್ಟಿರುವುದೂ ನನ್ನಿಂದಾಗದು. ಅವನು ಅಪ್ಪನ ಮುಖ ನೋಡಿರಲಿಲ್ಲ. ಅಪ್ಪನ ಜೊತೆ ಹೋದ ನಾನು, ಅವನಿಗೆ ಗುರುತು ಸಿಗದಿರಲೆಂದು, ಬಿಸಿಲಿನ ನೆಪದಲ್ಲಿ ಮುಖ ಮುಚ್ಚುವಂತೆ ಕೊಡೆ ಇಳಿಸಿಕೊಂಡು ಗುಂಪಿನ ಹಿಂದೆ ನಿಂತೆ.

ಮರ ನಿಜಕ್ಕೂ ದೈತ್ಯವೇ. ಅದರ ತುದಿ ನೋಡಲು ಹೋಗಿ ಮುಂದಿದ್ದವರೊಬ್ಬರ ಟೋಪಿ ಹಿಂದಕ್ಕೆ ಬಿತ್ತು. ಅವನು ಸೊಗಸಾಗಿ ಹೇಳುತ್ತಿದ್ದ: ಎಂಥೆಂಥ ಬಿರುಗಾಳಿಗೂ ಜಗ್ಗಿಲ್ಲ, ಒಳಗೆಲ್ಲ ಕಬ್ಬಿಣದ ಹಾಗೆ ಗಟ್ಟಿ, ಇನ್ನೂ ಸಾವಿರ ವರ್ಷ ಅಲುಗಾಡುವುದಿಲ್ಲ. ಜನ ತಲೆದೂಗಿದರು. ನನಗೆ ಹೆಮ್ಮೆಯಾಯಿತು. ಅವರೆಲ್ಲ ಫೋಟೋ ತೆಗೆಯಲು ಚದುರಿದ್ದೇ ತಡ, ಅಪ್ಪ ಮರದ ಸುತ್ತ ಕಟ್ಟಿದ್ದ ಹಗ್ಗದಡಿ ನುಸುಳಿ ಕಾಂಡವನ್ನು ತಟ್ಟಿಯೇಬಿಟ್ಟರು.

ಅವನು ಓಡಿಬಂದ.

"ಒಳಗೆ ಟೊಳ್ಳು ಅಲ್ವೇನಪ್ಪಾ?" ಅಪ್ಪ ಕೇಳಿದರು.

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಹೌದು ಯಜಮಾನ್ರೇ. ಅಷ್ಟು ದೂರದಿಂದ ಬಂದೋರಿಗೆ ಬೇಜಾರಾಗತ್ತೆ ಅಂತ ಹೇಳಲ್ಲ. ನಿಮಗೆ ಗೊತ್ತಾಗಿಹೋಗಿದೆ, ನಿಮ್ಮ ಹತ್ರ ಯಾಕೆ ಸುಳ್ಳು?"

ಕೊಡೆಯ ಮರೆಯಲ್ಲಿ ನನಗೆ ಹೋದ ಜೀವ ಬಂದಂತಾಯಿತು. ಬಸ್ಸು ಹತ್ತಿ ಕೂತ ಮೇಲೆ, ನೋಡಿದೆಯಾ ಅಪ್ಪ, ಎಷ್ಟು ನೇರವಾಗಿ ಒಪ್ಪಿಕೊಂಡ ಎಂದೆ. ಅಪ್ಪ ಟಿಕೆಟ್ಟು ಮಡಚಿ ಜೇಬಿಗಿಟ್ಟುಕೊಂಡು ನನ್ನತ್ತ ತಿರುಗಿದರು.

"ಕೆಟ್ಟವನಲ್ಲ ಕಣಮ್ಮ. ಸಿಕ್ಕಿಬಿದ್ರೆ ನಿಜ ಹೇಳ್ತಾನೆ. ನಂದು ಹೂಂ ಅಂತಲೇ ಇಟ್ಕೋ. ಆದ್ರೆ ನಿಂಗೆ ತಟ್ಟಿ ನೋಡೋಕೆ ಬರಲ್ವಲ್ಲ."

ಹೂಂ ಸಿಕ್ಕಿತ್ತು, ನಾನು ಕುಣಿಯಬೇಕಿತ್ತು. ಸಂಜೆ ಅವನು ಫೋನ್ ಮಾಡಿ, ಕೆಲಸ ಮುಗಿಸಿ ಈಗಷ್ಟೇ ರೂಮಿಗೆ ಬಂದೆ ಎಂದ. ದಿನಾ ಹೇಳುವ ಮಾತೇ. ಇಷ್ಟು ಹೊತ್ತು ಎಲ್ಲಿದ್ದೆ, ಯಾರ ಜೊತೆ ಇದ್ದೆ ಎಂದು ಕೇಳಿದೆ. ಅವನು ನಗುತ್ತಾ ಹೇಳಿದ. ಅದು ನಿಜವೇ ಇದ್ದೀತು. ಆದರೂ ಇನ್ನೊಮ್ಮೆ ಕೇಳಿದೆ.