ಹೆಂಡತಿಯನ್ನು ಚೌಕಾಬಾರದ ಕಾಯಿ ಮಾಡಿದ್ದು

ಧೈರ್ಯವಿದ್ದರೆ ಇದನ್ನು ನಂಬದೆ ಇರಿ, ನೋಡೋಣ. ದೊಡ್ಡ ದೊಡ್ಡ ಡಾಕ್ಟರ ಕೈಯಲ್ಲಿ ಆಗದ್ದನ್ನು ನಾನು ನಾಲ್ಕು ಕವಡೆಯಲ್ಲಿ ಮಾಡಿದ್ದೇನೆ.

ಹೆಂಡತಿಗೆ ಮಂಡಿ ಆಪರೇಷನ್ ಆಗಿತ್ತು. ದಿನಾ ನಡೆಯದಿದ್ದರೆ ಕಾಲು ಹಾಗೇ ಬಿಗಿದುಹೋಗುತ್ತದೆ ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು. ಅವಳು ಮಾತ್ರ ಕುರ್ಚಿ ಬಿಟ್ಟು ಏಳಲೊಲ್ಲಳು. ಸಿಂಗಸಂದ್ರದ ನಮ್ಮ ಮನೆ ಮುಂದೆ, ಬಾಡಿಗೆಯವರು ಬೈಕು ನಿಲ್ಲಿಸುವ ಜಾಗದಲ್ಲಿ ಕೂತು ರಸ್ತೆ ನೋಡುತ್ತಿದ್ದಳು.

ಮೇಲಿನ ಮನೆಯ ಬಾಡಿಗೆ ಹುಡುಗಿಗೆ ಮೊಬೈಲ್ ಗೇಮ್ ಮಾಡುವ ಕೆಲಸ. ಜನ ಫೋನ್ ಕೆಳಗಿಡದ ಹಾಗೆ ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಗೆಲ್ಲೋಕೆ ಇನ್ನೊಂದೇ ಹೆಜ್ಜೆ ಅಂತ ಸದಾ ಅನ್ನಿಸಬೇಕು, ಅಷ್ಟೇ ಎಂದಳು. ಇಷ್ಟಕ್ಕೆ ಇಂಜಿನಿಯರಿಂಗ್ ಓದಬೇಕಿತ್ತಾ ಎಂದು ರೇಗಿಸಿ, ಸೀಮೆಸುಣ್ಣ ತಂದು ನೆಲದ ಮೇಲೆ ಚೌಕಾಬಾರ ಬರೆದೆ. ಒಂದೊಂದು ಮನೆಯೂ ಗೋಣಿಚೀಲ ಹಾಸಿದಷ್ಟು ಅಗಲ. ಕಾಯಿಗಳು ನಾವೇ. ಕವಡೆ ಎಷ್ಟು ಬೀಳುತ್ತದೋ ಅಷ್ಟು ಮನೆ ನಡೆಯಬೇಕು. ಎದುರಾಳಿ ನಿಂತ ಮನೆಗೇ ಹೋಗಿ ನಿಂತರೆ ಅವರನ್ನು ಹೊಡೆದ ಹಾಗೆ, ಅವರು ಮತ್ತೆ ಮೊದಲಿಂದ.

ಹೆಂಡತಿ ಎದ್ದಳು. ಕೋಲೂರಿಕೊಂಡು ಒಂದು ಮನೆ, ಆಮೇಲೆ ಎರಡು.

ಸಂಜೆ ನಮ್ಮಲ್ಲಿ ಸೂರ್ಯ ಎರಡು ಕಡೆ ಮುಳುಗುತ್ತಾನೆ, ಪಡುವಣದಲ್ಲೊಮ್ಮೆ, ಎದುರಿನ ಆಫೀಸಿನ ಗಾಜಿನಲ್ಲೊಮ್ಮೆ. ಎರಡೂ ಬೆಳಕು ಸೇರಿ ನೆಲ ಜೇನಿನ ಬಣ್ಣಕ್ಕೆ ತಿರುಗಿದಾಗ ಹೊಸೂರು ರಸ್ತೆಯ ಹಾರ್ನುಗಳು ನೀರಿನೊಳಗಿಂದ ಬಂದಂತೆ ಕೇಳುತ್ತಿದ್ದವು. ಅವಳಿಗೆರಡು ನೆರಳು, ನನಗೆರಡು. ನಾಲ್ಕು ಜನ ಆಡುತ್ತಿದ್ದೇವೆ ಅನ್ನಿಸುತ್ತಿತ್ತು.

ಒಂದು ವಾರ ಬೇಕೆಂದೇ ಸೋತೆ. ಎಂಟನೇ ದಿನ ಅವಳು ಕವಡೆ ಮುಟ್ಟಲಿಲ್ಲ.

"ಕುಂಟಿ ಅಂತ ಇಂಗೆ ಬಿಟ್ಕೊಡ್ತಿದ್ದೀಯಾ?"

ಹೌದು ಎಂದೆ.

"ನಂಗ್ ಬ್ಯಾಡ ಕಣಯ್ಯ ನಿನ್ನಾಟ."

ಮೂರು ದಿನ ಕುರ್ಚಿಯಿಂದ ಏಳಲಿಲ್ಲ. ಕಾಲು ಮತ್ತೆ ಬಿಗಿಯತೊಡಗಿತು. ಮೇಲಿನ ಹುಡುಗಿ ನನ್ನನ್ನೇ ಬೈದಳು: "ಸೋಲೋ ಭಯ ಇಲ್ದಿದ್ರೆ ಯಾರು ಆಡ್ತಾರೆ ತಾತ?"

ಇನ್ನು ಮೇಲೆ ಕರುಣೆಯಿಲ್ಲ ಎಂದು ಭಾಷೆ ಕೊಟ್ಟು ಹೆಂಡತಿಯನ್ನು ಎಬ್ಬಿಸಿದೆ. ಕರುಣೆ ತೋರಿಸಲೂ ಇಲ್ಲ. ಅವಳು ನಡುಮನೆ ಸೇರಿ ಹಣ್ಣಾಗಲು ಒಂದೇ ಮನೆ ಬಾಕಿಯಿತ್ತು. ಅವಳನ್ನು ಹೊಡೆಯಲು ನನಗೆ ಮೂರು ಬೇಕಿತ್ತು, ಎರಡು ಬಿತ್ತು. ಹೆಬ್ಬೆರಳಿನಿಂದ ಒಂದು ಕವಡೆ ಮಗುಚಿ, ಮೂರು ಎಂದು ಸಾರಿ, ಅವಳ ಪಕ್ಕ ಹೋಗಿ ನಿಂತೆ.

"ಕಳ್ಳ, ಮಗುಚಿದ್ದು ಕಂಡೆ ಕಣೋ" ಎಂದಳು. ಗೇಟಿನ ಕಡೆ ಓಡಿದೆ. ಹಿಂದೆಯೇ ಬಂದಳು, ಚಪ್ಪಲಿಯ ಸದ್ದು ನಿಧಾನ, ಆದರೆ ನಿಲ್ಲಲಿಲ್ಲ. ತಿರುಗಿ ನೋಡಿದರೆ ನನ್ನನ್ನು ಹೊಡೆಯಲು ಎತ್ತಿದ ಕೋಲು ಅವಳ ತಲೆಯ ಮೇಲಿತ್ತು. ನೆಲದ ಮೇಲಿದ್ದದ್ದು ಅವಳ ಎರಡು ಕಾಲು ಮಾತ್ರ.

ಓಡುವುದು ಬಿಟ್ಟು ಬೆನ್ನು ಕೊಟ್ಟು ನಿಂತೆ. ಏಟು ಚೆನ್ನಾಗಿಯೇ ಬಿತ್ತು.

ಇಷ್ಟರಲ್ಲಿ ಒಂದೇ ಸುಳ್ಳು ಸೇರಿಸಿದ್ದೇನೆ. ಆ ವಾರ ನಾನು ಬೇಕೆಂದು ಸೋಲಲಿಲ್ಲ. ಪೂರಾ ಜೀವ ಹಾಕಿ ಆಡಿ, ಏಳು ದಿನವೂ ಸೋತೆ. ಅವಳು ಕೇಳಿದಾಗ ಮಾನ ಉಳಿಸಿಕೊಳ್ಳಲು ಹೌದು ಅಂದುಬಿಟ್ಟೆ.